ಸ್ಯಾಮುಯೆಲ್ ನೋವಾ ಕ್ರೇಮರ್: ಒಡೆದ ಫಲಕಗಳಿಂದ ಸುಮೇರಿಯನ್ ಸಾಹಿತ್ಯವನ್ನು ಕೂಡಿಸಿದ ವಿದ್ವಾಂಸ

ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಾಳಿದ ಸುಮೇರಿಯನ್ನರ ಸಾಹಿತ್ಯವು ಜಗತ್ತಿನ ಅತಿ ಪ್ರಾಚೀನ ಲಿಖಿತ ಸಾಹಿತ್ಯಗಳಲ್ಲಿ ಒಂದು. ಅವರ ಪುರಾಣಗಳು, ವೀರಗಾಥೆಗಳು, ಶೋಕಗೀತೆಗಳು, ಗಾದೆಗಳು ಇಂದು ಹಲವು ಭಾಷೆಗಳಲ್ಲಿ ಓದಲು ದೊರೆಯುತ್ತವೆ. ಆದರೆ ಈ ಕೃತಿಗಳಲ್ಲಿ ಇಡಿಯಾಗಿ ನೆಲದಿಂದ ಹೊರಬಂದವು ತೀರಾ ವಿರಳ. ಒಂದೇ ಕಥೆಯ ಮೇಲರ್ಧ ಇಸ್ತಾಂಬುಲ್‌ನಲ್ಲಿ, ಕೆಳಗಿನರ್ಧ ಫಿಲಡೆಲ್ಫಿಯಾದಲ್ಲಿ, ಕಳೆದುಹೋದ ಸಾಲುಗಳು ಮತ್ತೊಂದು ನಗರದ ಪೆಟ್ಟಿಗೆಯಲ್ಲಿ ಎಂಬಂತೆ ಅವು ಚೂರುಚೂರಾಗಿ ಚೆದುರಿಹೋಗಿದ್ದವು. ಆ ಚೂರುಗಳನ್ನು ಗುರುತಿಸಿ, ಪ್ರತಿ ತೆಗೆದು, ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲವನ್ನು ಮುಡಿಪಾಗಿಟ್ಟವರು ಅಮೆರಿಕದ ವಿದ್ವಾಂಸ ಸ್ಯಾಮುಯೆಲ್ ನೋವಾ ಕ್ರೇಮರ್ (1897-1990).

ಕ್ರೇಮರ್ ಅವರಿಗೆ ದೊಡ್ಡ ನಿಧಿಯನ್ನು ಅಗೆದು ತೆಗೆದ ಖ್ಯಾತಿ ಇಲ್ಲ. ಬೇರೆಯವರು ಅಗೆದು ತಂದು, ದಶಕಗಳ ಕಾಲ ಕಪಾಟುಗಳಲ್ಲಿ ಇರಿಸಿದ್ದ ಫಲಕಗಳನ್ನು ಅವರು ಓದಿದರು. ಹೊಸ ಚೂರು ದೊರೆತಾಗಲೆಲ್ಲ ಮೊದಲಿನ ತಮ್ಮ ಅರ್ಥವನ್ನು ತಾವೇ ತಿದ್ದಿದರು. ಸುಮೇರಿಯನ್ ಸಾಹಿತ್ಯದ ಇತಿಹಾಸ ಎಂದು ಇಂದು ಓದುವ ಬಹಳಷ್ಟು ಸಂಗತಿಗಳು ಈ ತಾಳ್ಮೆಯ ಫಲ.

ಉಕ್ರೇನಿನಿಂದ ಫಿಲಡೆಲ್ಫಿಯಾಕ್ಕೆ

ಕ್ರೇಮರ್ ಅವರು 1897ರ ಸೆಪ್ಟೆಂಬರ್ 28ರಂದು ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಝಾಷ್ಕಿವ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಜನಿಸಿದರು. 1905ರ ವೇಳೆಗೆ ಅಲ್ಲಿ ಯಹೂದಿಯರ ಮೇಲೆ ಹಿಂಸಾಚಾರ ಭುಗಿಲೆದ್ದಾಗ ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ ಫಿಲಡೆಲ್ಫಿಯಾದಲ್ಲಿ ನೆಲೆಸಿತು. ತಂದೆ ಅಲ್ಲಿ ಹೀಬ್ರೂ ಪಾಠಶಾಲೆಯನ್ನು ತೆರೆದರು. ಯುವಕ ಕ್ರೇಮರ್ ಅದೇ ಶಾಲೆಯಲ್ಲಿ ಬೋಧಿಸಿದರು; ಬರವಣಿಗೆಗೆ ಕೈಹಾಕಿದರು; ವ್ಯಾಪಾರವನ್ನೂ ಮಾಡಿ ನೋಡಿದರು. ಯಾವುದೂ ಕೈಹಿಡಿಯಲಿಲ್ಲ.

ವಯಸ್ಸು ಮೂವತ್ತನ್ನು ಸಮೀಪಿಸುತ್ತಿದ್ದಾಗ, ಎಳವೆಯಲ್ಲಿ ಕಲಿತ ಹೀಬ್ರೂ ವಿದ್ಯೆಯನ್ನೇ ಮೂಲ ಬಂಡವಾಳವಾಗಿಸಿಕೊಂಡು ಪ್ರಾಚೀನ ಪೌರ್ವಾತ್ಯ ಭಾಷೆಗಳನ್ನು ಅಭ್ಯಸಿಸಲು ಅವರು ನಿರ್ಧರಿಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಫ್ರಾಯಿಂ ಅವಿಗ್ಡೋರ್ ಸ್ಪೈಸರ್ ಅವರ ಮಾರ್ಗದರ್ಶನ ದೊರೆಯಿತು. ಇರಾಕಿನ ಕಿರ್ಕುಕ್ ಪರಿಸರದಲ್ಲಿ ದೊರೆತ ಫಲಕಗಳ ಭಾಷೆಯಲ್ಲಿ ಕ್ರಿಯಾಪದದ ಬಳಕೆಯನ್ನು ಕುರಿತು ಅವರು ಸಲ್ಲಿಸಿದ ಪ್ರಬಂಧಕ್ಕೆ 1929ರಲ್ಲಿ ಡಾಕ್ಟರೇಟ್ ಪದವಿ ಲಭಿಸಿತು. ಮರುವರ್ಷ ಇರಾಕಿಗೆ ತೆರಳಿದ ಅವರು, ಪ್ರಾಚೀನ ಶುರುಪ್ಪಕ್ ನಗರವಿದ್ದ ಫಾರಾ ಎಂಬಲ್ಲಿ 1931ರಲ್ಲಿ ನಡೆದ ಉತ್ಖನನದಲ್ಲಿ ಲಿಪಿತಜ್ಞರಾಗಿ ಭಾಗವಹಿಸಿದರು. ಜಲಪ್ರಳಯದ ಕಥಾನಾಯಕನ ಊರೆಂದು ಮೆಸೊಪೊಟೇಮಿಯಾದ ಪುರಾಣಗಳು ಹೇಳುವುದು ಇದೇ ಶುರುಪ್ಪಕ್ ನಗರವನ್ನು.

ಸುಮೇರಿಯನ್ ಎಂಬ ಒಗಟು

ಮೆಸೊಪೊಟೇಮಿಯಾದ ಜನರು ಹಸಿ ಜೇಡಿಮಣ್ಣಿನ ಫಲಕದ ಮೇಲೆ ಜೊಂಡಿನ ಕಡ್ಡಿಯ ತುದಿಯನ್ನು ಒತ್ತಿ ಬರೆಯುತ್ತಿದ್ದರು. ಹೀಗೆ ಮೂಡುವ ಗುರುತು ಬೆಣೆಯ ಆಕಾರದಲ್ಲಿರುವುದರಿಂದ ಈ ಲಿಪಿಗೆ ಕ್ಯೂನಿಫಾರ್ಮ್ ಅಥವಾ ಬೆಣೆಲಿಪಿ ಎಂಬ ಹೆಸರು ಬಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರು ಮೊದಲು ಓದಲು ಕಲಿತದ್ದು ಈ ಲಿಪಿಯಲ್ಲಿರುವ ಹಳೆಯ ಪರ್ಷಿಯನ್ ಶಾಸನಗಳನ್ನು. ಬಳಿಕ ಬಾಬಿಲೋನ್ ಮತ್ತು ಅಸ್ಸೀರಿಯಾದ ಅಕ್ಕಾಡಿಯನ್ ಭಾಷೆಯ ಗುಟ್ಟು ಬಿಚ್ಚಿಕೊಂಡಿತು. 1857ರಲ್ಲಿ ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್ ಮತ್ತು ಒಪ್ಪರ್ಟ್ ಎಂಬ ನಾಲ್ವರು ಒಂದೇ ಶಾಸನವನ್ನು ಪ್ರತ್ಯೇಕವಾಗಿ ಅನುವಾದಿಸಿದರು. ಅವರ ಅನುವಾದಗಳು ಬಹುಮಟ್ಟಿಗೆ ಹೊಂದಿಕೆಯಾದಾಗ ಈ ಓದಿಗೆ ಮನ್ನಣೆ ದೊರೆಯಿತು.

ಅಕ್ಕಾಡಿಯನ್ ಭಾಷೆಯು ಹೀಬ್ರೂ ಹಾಗೂ ಅರಬ್ಬಿ ಭಾಷೆಗಳ ನಂಟು. ಆದರೆ ಆ ಫಲಕಗಳ ಹಿಂದೆ ಮತ್ತೊಂದು, ಇನ್ನೂ ಹಳೆಯ ಭಾಷೆ ಅಡಗಿರುವುದು ಕ್ರಮೇಣ ಗೋಚರಿಸಿತು. 1869ರಲ್ಲಿ ಒಪ್ಪರ್ಟ್ ಅದನ್ನು ಸುಮೇರಿಯನ್ ಎಂದು ಕರೆದರು. ಅಂಥ ಭಾಷೆಯೇ ಇರಲಿಲ್ಲ, ಅದು ಪುರೋಹಿತರು ಕಟ್ಟಿಕೊಂಡ ಗುಪ್ತ ಬರಹ ಎಂದು ವಾದಿಸಿದ ವಿದ್ವಾಂಸರೂ ಇದ್ದರು.

ಸುಮೇರಿಯನ್ ಭಾಷೆಗೆ ನಂಟುಳ್ಳ ಮತ್ತೊಂದು ಭಾಷೆ ಈವರೆಗೆ ಖಚಿತಪಟ್ಟಿಲ್ಲ. ಅದು ಪದಕ್ಕೆ ಪ್ರತ್ಯಯಗಳನ್ನು ಒಂದರ ಬಳಿಕ ಒಂದು ಅಂಟಿಸುತ್ತ ಸಾಗುವ ಭಾಷೆ. 'ಮನೆಗಳಲ್ಲಿ' ಎಂಬ ಒಂದೇ ಪದದಲ್ಲಿ ನಾಮಪದ, ಬಹುವಚನ, ವಿಭಕ್ತಿ ಮೂರನ್ನೂ ಕೂಡಿಸುವ ಕನ್ನಡಿಗರಿಗೆ ಈ ರಚನೆ ಅಪರಿಚಿತವೆನಿಸದು. ಆದರೆ ಈ ಹೋಲಿಕೆ ರಚನೆಗೆ ಮಾತ್ರ ಸೀಮಿತ. ದ್ರಾವಿಡ ಭಾಷೆಗಳೊಡನೆ ಸುಮೇರಿಯನ್ನಿಗೆ ರಕ್ತಸಂಬಂಧವಿದೆ ಎಂಬ ವಾದವನ್ನು ಭಾಷಾವಿಜ್ಞಾನ ಒಪ್ಪಿಲ್ಲ. 'ಲು' ಎಂದರೆ ಮನುಷ್ಯ, 'ಗಲ್' ಎಂದರೆ ದೊಡ್ಡ. ಎರಡೂ ಸೇರಿದ 'ಲುಗಲ್' ಎಂದರೆ ಅರಸ. 'ಎ' ಎಂದರೆ ಮನೆ; 'ಎಗಲ್' ಎಂದರೆ ದೊಡ್ಡ ಮನೆ, ಅಂದರೆ ಅರಮನೆ. ಈ ಪದವೇ ಅಕ್ಕಾಡಿಯನ್ ಮೂಲಕ ಸಾಗಿ ಹೀಬ್ರೂ ಮತ್ತು ಅರಬ್ಬಿ ಭಾಷೆಗಳಲ್ಲಿ ಇಂದಿಗೂ ದೇವಾಲಯದ ಅರ್ಥದಲ್ಲಿ ಉಳಿದಿದೆ.

ಕ್ರಿ.ಪೂ. 2000ದ ಆಸುಪಾಸಿನಲ್ಲಿ ಸುಮೇರಿಯನ್ ಆಡುಮಾತಾಗಿ ಮರೆಯಾಯಿತು. ಆದರೂ ಸಂಸ್ಕೃತದಂತೆ ಅದು ವಿದ್ಯೆಯ ಹಾಗೂ ಪೂಜೆಯ ಭಾಷೆಯಾಗಿ ಬಹುಕಾಲ ಉಳಿಯಿತು. ಅದನ್ನು ಕಲಿಯಲು ಬಾಬಿಲೋನಿನ ವಿದ್ಯಾರ್ಥಿಗಳು ಸಿದ್ಧಪಡಿಸಿಕೊಂಡ ದ್ವಿಭಾಷಾ ಪದಪಟ್ಟಿಗಳೇ ಇಂದಿನ ವಿದ್ವಾಂಸರಿಗೂ ಮೊದಲ ನಿಘಂಟಾದವು.

1932ರಲ್ಲಿ ಕ್ರೇಮರ್ ಅವರು ಷಿಕಾಗೋ ವಿಶ್ವವಿದ್ಯಾಲಯದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸೇರಿದಾಗ ಅಲ್ಲಿದ್ದ ಆರ್ನೋ ಪೋಬೆಲ್ ಅವರು ಸುಮೇರಿಯನ್ ವ್ಯಾಕರಣದ ಅಗ್ರಮಾನ್ಯ ಪಂಡಿತರೆನಿಸಿದ್ದರು. 1923ರಲ್ಲಿ ಪ್ರಕಟವಾದ ಅವರ ವ್ಯಾಕರಣಗ್ರಂಥವೇ ಆ ಕ್ಷೇತ್ರಕ್ಕೆ ಭದ್ರ ಬುನಾದಿ. ಅವರ ಬಳಿ ಕ್ರೇಮರ್ ಶಿಸ್ತನ್ನು ಕಲಿತರು. 1933ರಲ್ಲಿ ಅದೇ ಸಂಸ್ಥೆಯ ಎಡ್ವರ್ಡ್ ಕಿಯೇರಾ ನಿಧನರಾದರು. ಸುಮೇರಿಯನ್ ಸಾಹಿತ್ಯ ಫಲಕಗಳಿಂದ ಕಿಯೇರಾ ಬರೆದುಕೊಂಡಿದ್ದ ಪ್ರತಿಗಳನ್ನು ಪ್ರಕಟಣೆಗೆ ಸಿದ್ಧಪಡಿಸುವ ಹೊಣೆ ಕ್ರೇಮರ್ ಅವರ ಹೆಗಲಿಗೆ ಬಂತು. 1934ರಲ್ಲಿ ಆ ಸಂಪುಟಗಳು ಹೊರಬಂದವು. ಅಲ್ಲಿಂದ ಮುಂದೆ ಅವರ ಗಮನ ಸುಮೇರಿಯನ್ ಸಾಹಿತ್ಯವನ್ನು ಬಿಟ್ಟು ಕದಲಲಿಲ್ಲ.

ಮೂರು ನಗರಗಳಿಗೆ ಹಂಚಿಹೋದ ನಿಪ್ಪುರ್

ಸುಮೇರಿಯನ್ ಸಾಹಿತ್ಯ ಚೆದುರಿದ್ದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಬಾಗ್ದಾದಿನಿಂದ ಸುಮಾರು 160 ಕಿಲೋಮೀಟರ್ ಆಗ್ನೇಯಕ್ಕಿರುವ ನಿಪ್ಪುರ್, ಎನ್‌ಲಿಲ್ ದೇವನ ಕ್ಷೇತ್ರವಾಗಿ ಸುಮೇರಿಯನ್ನರ ಪುಣ್ಯನಗರವಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 1889ರಿಂದ 1900ರ ನಡುವೆ ಅಲ್ಲಿ ನಾಲ್ಕು ಹಂತಗಳಲ್ಲಿ ಉತ್ಖನನ ನಡೆಸಿ ಹತ್ತಾರು ಸಾವಿರ ಫಲಕಗಳನ್ನು ಹೊರತೆಗೆಯಿತು. ಆಗ ಆ ಪ್ರದೇಶ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಹೀಗಾಗಿ ಒಂದು ಭಾಗ ಇಸ್ತಾಂಬುಲ್ ವಸ್ತುಸಂಗ್ರಹಾಲಯಕ್ಕೂ ಮತ್ತೊಂದು ಭಾಗ ಫಿಲಡೆಲ್ಫಿಯಾಕ್ಕೂ ಸೇರಿತು. ಉತ್ಖನನದ ಪ್ರಮುಖರಲ್ಲಿ ಒಬ್ಬರಾದ ಹರ್ಮನ್ ಹಿಲ್‌ಪ್ರೆಕ್ಟ್ ಅವರ ಸ್ವಂತ ಸಂಗ್ರಹದಲ್ಲಿದ್ದ ಫಲಕಗಳು 1925ರಲ್ಲಿ ಅವರು ತೀರಿಕೊಂಡ ಬಳಿಕ ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಪಾಲಾದವು.

ಹಂಚಿಕೆಯ ಸಮಯದಲ್ಲಿ ಯಾವ ಚೂರು ಯಾವುದರ ತುಂಡು ಎಂದು ನೋಡುವ ಸಾಧ್ಯತೆಯೇ ಇರಲಿಲ್ಲ. ಇದಕ್ಕೆ ಇನಾನ್ನಾ ದೇವಿಯು ಪಾತಾಳಕ್ಕೆ ಇಳಿದುಹೋಗುವ ಕಥೆಯ ಫಲಕವೇ ಸಾಕ್ಷಿ. ಇಸ್ತಾಂಬುಲ್‌ನಲ್ಲಿದ್ದ ಅದರ ಮೇಲರ್ಧ ಮೊದಲೇ ಪ್ರಕಟವಾಗಿತ್ತು. ಕಿಯೇರಾ ಅದರ ಕೆಳಗಿನರ್ಧವನ್ನು ಫಿಲಡೆಲ್ಫಿಯಾದ ಸಂಗ್ರಹದಲ್ಲಿ ಗುರುತಿಸಿದರು. ಒಂದೇ ಫಲಕದ ಎರಡು ಹೋಳುಗಳ ನಡುವೆ ಸಾವಿರಾರು ಮೈಲಿಗಳ ಅಂತರ ಏರ್ಪಟ್ಟಿತ್ತು.

ಫಲಕವನ್ನು ಕೈಯಲ್ಲಿ ಹಿಡಿದು ಓದದೆ ಈ ಕೆಲಸ ಮುಂದೆ ಸಾಗದೆಂದು ಕ್ರೇಮರ್ ಮನಗಂಡರು. ಗುಗೆನ್‌ಹೈಮ್ ಫೆಲೋಷಿಪ್ ಪಡೆದು 1937ರಲ್ಲಿ ಇಸ್ತಾಂಬುಲ್‌ಗೆ ತೆರಳಿದರು. ಸವೆದ ಗುರುತುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು, ಒಂದೊಂದು ಬೆಣೆಗುರುತನ್ನೂ ಕಾಗದದ ಮೇಲೆ ಚಿತ್ರದಂತೆ ಬರೆದುಕೊಳ್ಳುವುದು ಅವರ ದಿನಚರಿಯಾಯಿತು. ಆ ವಾಸ್ತವ್ಯದಲ್ಲಿ ಅವರು ಪ್ರತಿ ತೆಗೆದ ಫಲಕ ಹಾಗೂ ಚೂರುಗಳ ಸಂಖ್ಯೆ ಸುಮಾರು 170. ಅವು 1944ರಲ್ಲಿ ಪ್ರಕಟವಾದವು. ಅದೇ ವರ್ಷ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯು ಅವರ 'ಸುಮೇರಿಯನ್ ಮಿಥಾಲಜಿ' ಗ್ರಂಥವನ್ನು ಹೊರತಂದಿತು. ಸುಮೇರಿಯನ್ನರ ಪುರಾಣಗಳು ಒಟ್ಟಾಗಿ ಸಾಮಾನ್ಯ ಓದುಗರ ಕೈಗೆ ಬಂದದ್ದು ಬಹುಮಟ್ಟಿಗೆ ಆ ಪುಸ್ತಕದಿಂದಲೇ.

ಈ ನಡುವೆ 1940ರಲ್ಲಿ, ಉರ್ ನಗರದ ವಿನಾಶವನ್ನು ಕುರಿತ 430ಕ್ಕೂ ಹೆಚ್ಚು ಸಾಲುಗಳ ಶೋಕಗೀತೆಯನ್ನು ಅವರು ಸಂಪಾದಿಸಿದ್ದರು. ಕ್ರಿ.ಪೂ. 2004ರ ಸುಮಾರಿಗೆ ಎಲಾಮ್ ಕಡೆಯ ದಾಳಿಗೆ ತುತ್ತಾದ ನಗರಕ್ಕಾಗಿ ಅದರ ದೇವಿಯೇ ಮರುಗುವ ಈ ಕೃತಿ ಜಗತ್ತು ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ್ದ ಹೊತ್ತಿನಲ್ಲಿ ಮತ್ತೆ ಬೆಳಕು ಕಂಡಿತು.

1940ರ ದಶಕದಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದ ಕ್ರೇಮರ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಫಲಕ ವಿಭಾಗದ ಕ್ಯುರೇಟರ್ ಹಾಗೂ ಅಸ್ಸೀರಿಯಾಲಜಿಯ ಪ್ರಾಧ್ಯಾಪಕರಾದರು. 1968ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಕಾರ್ಯಕ್ಷೇತ್ರ.

ಶಾಲೆಗೆ ತಡವಾಗಿ ಹೋದ ಹುಡುಗ

ಜೋಡಣೆಯ ಈ ಕೆಲಸ ಎಂಥದ್ದೆಂಬುದಕ್ಕೆ 1949ರಲ್ಲಿ ಕ್ರೇಮರ್ ಪ್ರಕಟಿಸಿದ ಶಾಲಾಜೀವನದ ಬರಹ ಉತ್ತಮ ನಿದರ್ಶನ. ಅದನ್ನು ಕಟ್ಟಲು 21 ಫಲಕಗಳು ಹಾಗೂ ಚೂರುಗಳು ಬೇಕಾದವು. ಅವುಗಳಲ್ಲಿ 13 ಫಿಲಡೆಲ್ಫಿಯಾದಲ್ಲಿಯೂ 7 ಇಸ್ತಾಂಬುಲ್‌ನಲ್ಲಿಯೂ ಒಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿಯೂ ಇದ್ದವು.

ಸುಮೇರಿಯನ್ನರು ಶಾಲೆಯನ್ನು 'ಫಲಕಗಳ ಮನೆ' ಎಂದು ಕರೆಯುತ್ತಿದ್ದರು. ಅಲ್ಲಿಗೆ ಹೋಗುವ ಹುಡುಗನೊಬ್ಬ ತಡವಾದುದಕ್ಕೆ, ಮಾತನಾಡಿದ್ದಕ್ಕೆ, ಅಪ್ಪಣೆಯಿಲ್ಲದೆ ಎದ್ದು ಹೊರಗೆ ಹೋದದ್ದಕ್ಕೆ, ಅಕ್ಷರ ದುಂಡಾಗದ್ದಕ್ಕೆ ಒಂದೇ ದಿನದಲ್ಲಿ ಹಲವು ಬಾರಿ ಬೆತ್ತದ ಏಟು ತಿನ್ನುತ್ತಾನೆ. ಕೊನೆಗೆ ಗುರುಗಳನ್ನು ಮನೆಗೆ ಕರೆದು ಸತ್ಕರಿಸುವಂತೆ ತಂದೆಗೆ ಸೂಚಿಸುತ್ತಾನೆ. ಊಟ, ಹೊಸ ಉಡುಪು, ಬೆರಳಿಗೆ ಉಂಗುರ ಪಡೆದ ಗುರುಗಳು ಶಿಷ್ಯನನ್ನು ಬಾಯ್ತುಂಬ ಹೊಗಳಿ ಹರಸುತ್ತಾರೆ. ರಾಜರ ದಂಡಯಾತ್ರೆಗಳ ಪಟ್ಟಿಯಲ್ಲಿ ಕಾಣದ ಸುಮೇರಿಯನ್ ಮನೆಯೊಳಗಿನ ಬದುಕು ಇಂಥ ಬರಹಗಳಲ್ಲಿ ಕಾಣಿಸಿತು.

ನಿಪ್ಪುರಿನ ಸಾಹಿತ್ಯ ಫಲಕಗಳಲ್ಲಿ ಹೆಚ್ಚಿನವು ಕ್ರಿ.ಪೂ. ಹದಿನೆಂಟನೆಯ ಶತಮಾನದ ಆಸುಪಾಸಿನಲ್ಲಿ ಇಂಥ ವಿದ್ಯಾರ್ಥಿಗಳೇ ಅಭ್ಯಾಸಕ್ಕಾಗಿ ಬರೆದ ಪ್ರತಿಗಳು. ಅಂದರೆ ಸುಮೇರಿಯನ್ ಮಹಾಕೃತಿಗಳು ಇಂದಿಗೆ ಉಳಿದುಬಂದಿರುವುದು ಅಂದಿನ ಹುಡುಗರ ಪಾಠದ ಬರವಣಿಗೆಯಿಂದ. ಒಬ್ಬ ಹುಡುಗ ಬಿಟ್ಟ ಸಾಲನ್ನು ಇನ್ನೊಬ್ಬ ಬರೆದಿರುತ್ತಾನೆ; ಒಂದು ಫಲಕ ಒಡೆದ ಜಾಗದಲ್ಲಿ ಮತ್ತೊಂದು ಉಳಿದಿರುತ್ತದೆ. ಕ್ರೇಮರ್ ಅವರ ವಿಧಾನಕ್ಕೆ ಇದೇ ಆಧಾರ.

ಹಮ್ಮುರಾಬಿಗಿಂತ ಹಳೆಯ ಕಟ್ಟಳೆ

ಇಸ್ತಾಂಬುಲ್‌ನಲ್ಲಿ ಕ್ರೇಮರ್ ಅವರಿಗೆ ಅನೇಕರ ನೆರವು ದೊರೆಯಿತು. ಅಲ್ಲಿಯ ಫಲಕ ವಿಭಾಗದ ಮುವಾಝ್ಝೆಝ್ ಇಲ್ಮಿಯೆ ಚಿಗ್ ಮತ್ತು ಹತೀಜೆ ಕಿಝಿಲ್ಯಾಯ್ ಎಂಬ ಇಬ್ಬರು ಮಹಿಳಾ ವಿದ್ವಾಂಸರು ಅವರಲ್ಲಿ ಮುಖ್ಯರು. ಸಾವಿರಾರು ಫಲಕಗಳನ್ನು ವಿಂಗಡಿಸಿ ಪಟ್ಟಿಮಾಡಿದ ಅವರು 1969ರಲ್ಲಿ ಇಸ್ತಾಂಬುಲ್‌ನ ಸಾಹಿತ್ಯ ಫಲಕಗಳ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದಕ್ಕೆ ಪ್ರಸ್ತಾವನೆ ಬರೆದವರು ಕ್ರೇಮರ್. ಕ್ರೇಮರ್ ಅವರ ಬರಹಗಳನ್ನು ತುರ್ಕಿ ಭಾಷೆಗೆ ತಂದ ಚಿಗ್, 2024ರ ನವೆಂಬರ್‌ನಲ್ಲಿ 110ನೆಯ ವಯಸ್ಸಿನಲ್ಲಿ ನಿಧನರಾದರು.

ಅದೇ ವಸ್ತುಸಂಗ್ರಹಾಲಯದಲ್ಲಿ ಹಿಂದೆ ಕೆಲಸ ಮಾಡಿದ್ದವರು ಎಫ್. ಆರ್. ಕ್ರೌಸ್. ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಳ್ವಿಕೆಯ ಜರ್ಮನಿಯನ್ನು ತೊರೆದು ತುರ್ಕಿಯಲ್ಲಿ ಆಶ್ರಯ ಪಡೆದಿದ್ದ ವಿದ್ವಾಂಸ. ಫುಲ್‌ಬ್ರೈಟ್ ನೆರವಿನಿಂದ 1951-52ರಲ್ಲಿ ಕ್ರೇಮರ್ ಮತ್ತೆ ಇಸ್ತಾಂಬುಲ್‌ನಲ್ಲಿದ್ದಾಗ ಕ್ರೌಸ್ ಅವರಿಂದ ಪತ್ರವೊಂದು ಬಂತು. ತಾವು ಅಲ್ಲಿದ್ದಾಗ ಎರಡು ಚೂರುಗಳನ್ನು ಜೋಡಿಸಿ 3191ನೆಯ ಸಂಖ್ಯೆಯಡಿ ದಾಖಲಿಸಿದ ಫಲಕದಲ್ಲಿ ಸುಮೇರಿಯನ್ ಕಾನೂನುಗಳಿವೆ ಎಂದು ಅವರು ತಿಳಿಸಿದ್ದರು.

ಸುಮಾರು 20 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಆ ಫಲಕ ಬಹಳ ಹಾಳಾಗಿತ್ತು. ದಿನಗಟ್ಟಲೆ ಕುಳಿತು ಓದಿದಾಗ ಅದರ ಪೀಠಿಕೆಯಲ್ಲಿ ಉರ್-ನಮ್ಮು ಎಂಬ ಅರಸನ ಹೆಸರು ಸಿಕ್ಕಿತು. ಅವನು ಕ್ರಿ.ಪೂ. 2100ರ ಸುಮಾರಿನವನು, ಬಾಬಿಲೋನಿನ ಹಮ್ಮುರಾಬಿಗಿಂತ ಮೂರು ಶತಮಾನದಷ್ಟು ಹಿಂದಿನವನು. ಕಣ್ಣಿಗೆ ಕಣ್ಣು ಎಂಬ ನಿಯಮಕ್ಕೆ ಹಮ್ಮುರಾಬಿ ಹೆಸರಾಗಿದ್ದರೆ, ಅದಕ್ಕಿಂತ ಹಳೆಯದಾದ ಈ ಕಟ್ಟಳೆಯಲ್ಲಿ ಅಂಗಕ್ಕೆ ಊನ ಮಾಡಿದವನು ಬೆಳ್ಳಿಯ ದಂಡ ತೆರಬೇಕಿತ್ತು. ತೂಕ ಮತ್ತು ಅಳತೆಗಳನ್ನು ಸರಿಪಡಿಸಿದ್ದಾಗಿಯೂ, ಅನಾಥರು ಮತ್ತು ವಿಧವೆಯರು ಬಲಶಾಲಿಗಳ ಪಾಲಾಗದಂತೆ ನೋಡಿಕೊಂಡದ್ದಾಗಿಯೂ ಪೀಠಿಕೆ ಹೇಳುತ್ತದೆ. ಪ್ರಾಚೀನ ಕಾನೂನು ಕಠೋರತೆಯಿಂದ ಮೃದುತ್ವದ ಕಡೆಗೆ ಒಂದೇ ಸಮನೆ ಸಾಗಿ ಬಂತೆಂಬ ನಂಬಿಕೆ ಇದರಿಂದ ಅಲುಗಾಡಿತು.

ಕ್ರೇಮರ್ 1954ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು ಮೂರು ದಶಕಗಳ ಬಳಿಕ, 1983ರಲ್ಲಿ, ಈ ಕಟ್ಟಳೆಯ ಕರ್ತೃ ಉರ್-ನಮ್ಮುವಿನ ಮಗ ಶುಲ್ಗಿ ಇರಬಹುದೇ ಎಂಬ ಪ್ರಶ್ನೆಯನ್ನು ಎತ್ತಿ ಲೇಖನ ಬರೆದವರೂ ಅವರೇ.

ಉಕ್ಕಿನ ತೆರೆಯ ಆಚೆಗೆ

ಮೂರನೆಯ ಸಂಗ್ರಹವಿದ್ದ ಯೇನಾ, ಯುದ್ಧದ ನಂತರ ಪೂರ್ವ ಜರ್ಮನಿಗೆ ಸೇರಿತು. ಶೀತಲಸಮರದ ಆ ದಿನಗಳಲ್ಲಿ ಅಮೆರಿಕದ ಪ್ರಾಧ್ಯಾಪಕರು ಅಲ್ಲಿಗೆ ಹೋಗುವುದು ಸುಲಭವಾಗಿರಲಿಲ್ಲ. ಕ್ರೇಮರ್ 1955ರಲ್ಲಿ ಯೇನಾ ತಲುಪಿ, ಸಂಗ್ರಹದ ಉಸ್ತುವಾರಿ ಹೊತ್ತಿದ್ದ ಇನೆಜ್ ಬರ್ನ್‌ಹಾರ್ಟ್ ಅವರೊಡನೆ ವಾರಗಟ್ಟಲೆ ಕುಳಿತು ಸಾಹಿತ್ಯ ಫಲಕಗಳನ್ನು ಅಭ್ಯಸಿಸಿದರು. ಇಬ್ಬರೂ ಸೇರಿ ಅವುಗಳನ್ನು 1961 ಮತ್ತು 1967ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ನಿಪ್ಪುರ್ ನಗರದ ಗೋಡೆ, ಕಾಲುವೆ, ದ್ವಾರಗಳನ್ನು ತೋರಿಸುವ ಪ್ರಾಚೀನ ನಕ್ಷೆಯ ಫಲಕವೂ ಇದೇ ಸಂಗ್ರಹದ್ದು. ಇದರೊಂದಿಗೆ ಮೂರು ನಗರಗಳ ಪಾಲುಗಳು ಮತ್ತೆ ಒಂದೇ ಓದಿನೊಳಕ್ಕೆ ಬಂದವು.

ತನ್ನ ಓದನ್ನೇ ತಿದ್ದಿದ ಪರಿ

ಕ್ರೇಮರ್ ಅವರ ವೃತ್ತಿಜೀವನವನ್ನು ಅಳೆಯಲು ಇನಾನ್ನಾ ದೇವಿಯ ಪಾತಾಳಗಮನದ ಕಥೆಯೊಂದೇ ಸಾಕು. ಈ ಕಥೆಯ ಮೇಲೆ ಅವರು 1937ರಿಂದ ಮೂರು ದಶಕ ಕೆಲಸ ಮಾಡಿದರು. ಕೊನೆಯ ಭಾಗ ದೊರೆತಿರಲಿಲ್ಲವಾದ್ದರಿಂದ, ಸತ್ತ ಗಂಡ ದುಮುಜಿಯನ್ನು ಮರಳಿ ತರಲು ದೇವಿ ಪಾತಾಳಕ್ಕೆ ಹೋದಳೆಂದೇ ವಿದ್ವಾಂಸರು ನಂಬಿದ್ದರು. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದ್ದ ಫಲಕವೊಂದು ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಪಾತಾಳದಿಂದ ಹಿಂದಿರುಗಿದ ದೇವಿ ನೋಡುವಾಗ ಗಂಡ ದುಃಖಿಸದೆ ಸಿಂಹಾಸನದ ಮೇಲೆ ಮೆರೆಯುತ್ತಿರುತ್ತಾನೆ. ಕೋಪಗೊಂಡ ಅವಳು ತನ್ನ ಬದಲಿಗೆ ಅವನನ್ನೇ ಯಮದೂತರ ಕೈಗೆ ಒಪ್ಪಿಸುತ್ತಾಳೆ. 1950ರ ದಶಕದ ಆರಂಭದಲ್ಲಿ ಕ್ರೇಮರ್ ಪರಿಷ್ಕೃತ ಪಾಠವನ್ನು ಪ್ರಕಟಿಸಿದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಉರ್ ನಗರದ ಮತ್ತೊಂದು ಫಲಕದ ಸಾಲುಗಳು ಇದೇ ಕಥೆಯ ಅಂತ್ಯವೆಂದು ಜರ್ಮನಿಯ ವಿದ್ವಾಂಸ ಆಡಂ ಫಾಲ್ಕೆನ್‌ಸ್ಟೈನ್ ಸೂಚಿಸಿದರು. ಅದರ ಪ್ರಕಾರ ವರ್ಷದ ಅರ್ಧ ಭಾಗ ದುಮುಜಿಯೂ ಉಳಿದರ್ಧ ಅವನ ಸಹೋದರಿಯೂ ಪಾತಾಳದಲ್ಲಿರಬೇಕು. ದುಮುಜಿ ಮರಳಿ ಬರುವುದೇ ಇಲ್ಲ ಎಂದು ಅಷ್ಟರವರೆಗೆ ಹೇಳುತ್ತಿದ್ದ ಕ್ರೇಮರ್, 1966ರಲ್ಲಿ 'ಮಹತ್ವದ ತಿದ್ದುಪಡಿ' ಎಂದು ಶೀರ್ಷಿಕೆಯಲ್ಲಿಯೇ ಸಾರಿ ಲೇಖನ ಪ್ರಕಟಿಸಿದರು. ಒಂದು ಚೂರು ಮಣ್ಣು ದೊರೆತರೆ ದೇವತೆಗಳ ನಡತೆಯೇ ಬದಲಾಗುವ ಈ ಶಾಸ್ತ್ರದಲ್ಲಿ, ತಪ್ಪನ್ನು ಒಪ್ಪಿಕೊಳ್ಳುವುದು ಸಹ ಕೆಲಸದ ಭಾಗ.

ಹೊಗಳಿಕೆ ಮತ್ತು ಆಕ್ಷೇಪ

ಕ್ರೇಮರ್ ಅವರಿಗೆ ವಿಶ್ವಖ್ಯಾತಿ ತಂದ ಪುಸ್ತಕ 1956ರಲ್ಲಿ ಪ್ರಕಟವಾಯಿತು. ಮಾನವನ ಲಿಖಿತ ಇತಿಹಾಸದಲ್ಲಿ ಮೊಟ್ಟಮೊದಲು ಕಾಣುವ 25 ಸಂಗತಿಗಳನ್ನು ಅದು ವಿವರಿಸುತ್ತದೆ: ಮೊದಲ ಶಾಲೆ, ಮೊದಲ ಔಷಧಪಟ್ಟಿ, ಮೊದಲ ಗಾದೆಗಳು, ಮೊದಲ ಪ್ರೇಮಗೀತೆ ಹೀಗೆ. 'ಹಿಸ್ಟರಿ ಬಿಗಿನ್ಸ್ ಅಟ್ ಸುಮೇರ್' ಎಂಬ ಹೆಸರಿನಲ್ಲಿ ಅದು ಜಗತ್ತಿನಾದ್ಯಂತ ಓದುಗರನ್ನು ಗಳಿಸಿತು. 1981ರ ಆವೃತ್ತಿಯ ಹೊತ್ತಿಗೆ 'ಮೊದಲು'ಗಳ ಸಂಖ್ಯೆ 39ಕ್ಕೆ ಏರಿತ್ತು. 1963ರ 'ದಿ ಸುಮೇರಿಯನ್ಸ್' ಗ್ರಂಥವು ಆ ಜನರ ಇತಿಹಾಸ, ಸಮಾಜ, ಧರ್ಮಗಳ ಸಮಗ್ರ ಪರಿಚಯವಾಗಿ ಹೆಸರಾಯಿತು.

ಆಕ್ಷೇಪಗಳೂ ಇದ್ದವು. ಗಿಲ್ಗಮೇಶನು ಹಿರಿಯರ ಹಾಗೂ ಯೋಧರ ಅಭಿಪ್ರಾಯ ಕೇಳುವ ಕಥೆಯನ್ನು ಜಗತ್ತಿನ ಮೊದಲ ಎರಡು ಸದನಗಳ ಸಂಸತ್ತು ಎಂದು ಕರೆದದ್ದು ಆಧುನಿಕ ಕಲ್ಪನೆಯನ್ನು ಹಳೆಯ ಕಾಲಕ್ಕೆ ತೊಡಿಸಿದಂತೆ ಎಂದು ಹಲವರು ಭಾವಿಸಿದರು. ಡೆನ್ಮಾರ್ಕ್ ಮೂಲದ ಥಾರ್ಕಿಲ್ಡ್ ಯಾಕೋಬ್ಸನ್ ಅವರು ಕ್ರೇಮರ್ ಅವರ ಸಹಲೇಖಕರೂ ಹೌದು, ಅನುವಾದಗಳ ಕಟು ವಿಮರ್ಶಕರೂ ಹೌದು. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ಅರ್ಥೈಸಿದ ಪ್ರಸಂಗಗಳು ಅನೇಕ.

ದಿಲ್ಮುನ್ ಕುರಿತ ವಾದ ಭಾರತದ ಓದುಗರಿಗೆ ವಿಶೇಷವಾಗಿ ಕುತೂಹಲಕರ. ರೋಗ, ಮುಪ್ಪುಗಳಿಲ್ಲದ ಪುಣ್ಯಭೂಮಿಯೆಂದು ಸುಮೇರಿಯನ್ ಪುರಾಣಗಳು ಬಣ್ಣಿಸುವ ದಿಲ್ಮುನ್, ಸಿಂಧೂ ನಾಗರಿಕತೆಯ ನಾಡೇ ಇರಬಹುದೆಂದು ಕ್ರೇಮರ್ 1960ರ ದಶಕದಲ್ಲಿ ಪ್ರತಿಪಾದಿಸಿದರು. 1953ರಿಂದ ಡೆನ್ಮಾರ್ಕಿನ ತಂಡ ನಡೆಸಿದ ಉತ್ಖನನಗಳ ಆಧಾರದಲ್ಲಿ ದಿಲ್ಮುನ್ ಎಂದರೆ ಬಹ್ರೈನ್ ಹಾಗೂ ಅದರ ಸುತ್ತಲಿನ ಪ್ರದೇಶ ಎಂಬ ಅಭಿಪ್ರಾಯವೇ ಇಂದು ನೆಲೆಗೊಂಡಿದೆ. ಸಿಂಧೂ ನಾಡನ್ನು ಬಹುತೇಕ ವಿದ್ವಾಂಸರು ಗುರುತಿಸುವುದು ಫಲಕಗಳಲ್ಲಿ ಬರುವ ಮೆಲುಹ್ಹಾ ಎಂಬ ಹೆಸರಿನೊಡನೆ. ಮೆಲುಹ್ಹಾದ ಹಡಗುಗಳು ತನ್ನ ರಾಜಧಾನಿಯ ದಡಕ್ಕೆ ಬರುತ್ತಿದ್ದವೆಂದು ಅಕ್ಕಾಡಿನ ಅರಸ ಸಾರ್ಗೋನನು ಹೇಳಿಕೊಂಡಿದ್ದಾನೆ. ಮೆಲುಹ್ಹಾ ಭಾಷೆಯ ದುಭಾಷಿಯೊಬ್ಬನ ಮುದ್ರೆ ಲೂವ್ರ್‌ನಲ್ಲಿದೆ. ಸಿಂಧೂ ಲಿಪಿಯನ್ನು ಓದಲು ಈವರೆಗೆ ಸಾಧ್ಯವಾಗಿಲ್ಲ. ಹೀಗಿರುವಾಗ ಆ ನಾಡನ್ನು ಹೆಸರಿಸಿ ಹೇಳುವ ಸಮಕಾಲೀನ ಬರಹ ದೊರೆಯುವುದು ಮೆಸೊಪೊಟೇಮಿಯಾದ ಈ ಫಲಕಗಳಲ್ಲಿ.

ಉಳಿದ ಕೆಲಸ

ನಿವೃತ್ತಿಯ ಬಳಿಕವೂ ಕ್ರೇಮರ್ ಸುಮ್ಮನಿರಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಸುಮೇರಿಯನ್ ಫಲಕಗಳತ್ತ ಗಮನ ಹರಿಸಿದರು. ಕಥೆ ಹೇಳುವ ಕಲಾವಿದೆ ಡಯಾನ್ ವೋಕ್‌ಸ್ಟೈನ್ ಅವರೊಡನೆ ಸೇರಿ 1983ರಲ್ಲಿ ಇನಾನ್ನಾ ಕಥೆಗಳನ್ನು ಸಾಮಾನ್ಯ ಓದುಗರಿಗಾಗಿ ಹೊರತಂದರು. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. 1990ರ ನವೆಂಬರ್ 26ರಂದು, 93ನೆಯ ವಯಸ್ಸಿನಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಅವರ ಜೊತೆ ಕೆಲಸ ಮಾಡಿ ಬೆಳೆದ ಮಿಗೆಲ್ ಸಿವಿಲ್ ಮೊದಲಾದವರು ಈ ಶಾಸ್ತ್ರವನ್ನು ಮುಂದುವರಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆರೆಮಿ ಬ್ಲಾಕ್ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯು ಸುಮಾರು 400 ಸುಮೇರಿಯನ್ ಕೃತಿಗಳ ಮೂಲ ಹಾಗೂ ಅನುವಾದಗಳನ್ನು ಅಂತರ್ಜಾಲದಲ್ಲಿ ಒದಗಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಪ್ರಾರಂಭವಾದ ಯೋಜನೆಯೊಂದು ಬಾಬಿಲೋನಿನ ಫಲಕಗಳ ಚೂರುಗಳನ್ನು ಕಂಪ್ಯೂಟರ್ ನೆರವಿನಿಂದ ಹೊಂದಿಸುತ್ತಿದೆ. ಹಿಂದೆ ಹಡಗು ಹತ್ತಿ ಹೋಗಿ ನೋಡಬೇಕಿದ್ದ ಫಲಕಗಳ ಚಿತ್ರಗಳನ್ನು ಇಂದು ಒಂದೇ ಪರದೆಯ ಮೇಲೆ ಅಕ್ಕಪಕ್ಕದಲ್ಲಿರಿಸಿ ನೋಡಬಹುದು.

ಆದರೆ ಅಪಾಯವೂ ತಪ್ಪಿಲ್ಲ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಗೊಳಗಾಯಿತು. ದಕ್ಷಿಣ ಇರಾಕಿನ ಉಮ್ಮಾ, ಇಸಿನ್ ಮೊದಲಾದ ಪ್ರಾಚೀನ ನಗರಗಳ ದಿಬ್ಬಗಳನ್ನು ಕಳ್ಳರು ಅಗೆದು ಹಾಕಿದರು. ಕ್ರೇಮರ್ ಓದಿದ ಫಲಕಗಳು ಹಂಚಿಹೋಗಿದ್ದರೂ ಅವು ಬಂದ ಊರು ತಿಳಿದಿತ್ತು. ಇಟ್ಟ ಜಾಗಕ್ಕೆ ಲೆಕ್ಕವಿತ್ತು. ಆದ್ದರಿಂದಲೇ ಅವನ್ನು ಮತ್ತೆ ಕೂಡಿಸಲು ಸಾಧ್ಯವಾಯಿತು. ಕಳ್ಳಮಾಲಾಗಿ ಕೈಯಿಂದ ಕೈಗೆ ದಾಟಿದ ಫಲಕಕ್ಕೆ ಊರೂ ಇಲ್ಲ, ಲೆಕ್ಕವೂ ಇಲ್ಲ. ಅದರ ಮತ್ತೊಂದು ಹೋಳು ಎಲ್ಲಿದೆ ಎಂದು ಹುಡುಕುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತದೆ.